ಹಿಂದಿನ ಕ್ಯಾಮೆರಾಗೆ ಕೆಲಸ ಇರೋದು ಮುಂದೆ ಹೋಗುವಾಗ

(1/9)
ಶುಕ್ರವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ. ಪ್ರಶ್ನೆ ಇಷ್ಟೇ: ಮೋಟರ್‌ಹೋಮ್ ಹಿಂದೆ ಒಂದು ಕಾರ್ ಕಟ್ಕೊಂಡು ಹೈವೇಲಿ ಹೋಗ್ತಿದೀರ. ಹಿಂದಿನ ಕ್ಯಾಮೆರಾದ ಸ್ಕ್ರೀನ್ ಆನ್ ಇರಬೇಕಾ, ಆಫ್ ಇರಬೇಕಾ?

ನಿಮ್ಮಲ್ಲಿ ಜಾಸ್ತಿ ಜನ 'ಆಫ್' ಒತ್ತಿದ್ರಿ. ಕ್ಲಾಸಿನ ಇಬ್ಬರು ಮೆಸೇಜ್ ಮಾಡಿ ಕಾರಣನೂ ಕೊಟ್ರು. ಒಬ್ಬ ಹೇಳಿದ್ದು: "ಮಗಾ, ಹೆಸರೇ ರಿವರ್ಸ್ ಕ್ಯಾಮೆರಾ. ಮುಂದೆ ಹೋಗುವಾಗ ಅದಕ್ಕೇನು ಕೆಲಸ?" ಇನ್ನೊಬ್ಬಳು: "ಡ್ರೈವರ್ ಕಣ್ಣೆದುರು ಟಿವಿ ಓಡ್ತಾ ಇದ್ರೆ ರೋಡ್ ನೋಡೋರ್ಯಾರು?"

ಎರಡೂ ಒಳ್ಳೆ ಪ್ರಶ್ನೆಗಳೇ. ಆದ್ರೆ ನನ್ನ ಉತ್ತರ ನಿಮ್ಮ ಪೋಲ್‌ಗೆ ಪೂರ್ತಿ ಉಲ್ಟಾ. ಹಿಂದೆ ಕಾರ್ ಕಟ್ಟಿದ್ದರೆ ಆ ಸ್ಕ್ರೀನ್ ಗಾಡಿ ಹೊರಟಾಗಿನಿಂದ ನಿಲ್ಲೋವರೆಗೂ ಆನ್ ಇರಬೇಕು. ಅದು ಸೌಕರ್ಯದ ಮಾತಲ್ಲ, ಹಿಂದೆ ಬರೋರ ಜೀವದ ಮಾತು.

ಸುಮ್ನೆ ವಾದಕ್ಕೆ ಎತ್ತಿದ ವಿಷಯನೂ ಅಲ್ಲ ಇದು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದ್ತಿರೋ ನಾವು ಆರು ಜನ ಈ ಬೇಸಿಗೆ ರಜೆಗೆ ಮೊಂಟಾನಾಗೆ ಹೊರಟಿದೀವಿ. ಗಾಡಿ ನಮ್ಮ ಗೆಳೆಯನ ಚಿಕ್ಕಪ್ಪನದು: 34 ಅಡಿಯ ಮೋಟರ್‌ಹೋಮ್, ಹಿಂದೆ ನಾಲ್ಕು ಬಾಗಿಲಿನ ಜೀಪ್ ರಾಂಗ್ಲರ್. ಅದರ ಕ್ಯಾಮೆರಾ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಹೊತ್ಕೊಳ್ಳುತ್ತೆ. ವೈರಿಂಗ್ ಬದಲಿಸೋಣ ಅಂದ್ರೆ ಚಿಕ್ಕಪ್ಪ, "ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ ಕಣಪ್ಪ, ಕನ್ನಡಿ ಸಾಕು" ಅಂತಾರೆ. ಅವರ ಅನುಭವದ ಮೇಲೆ ಗೌರವ ಇದೆ. ಆದ್ರೆ ಈ ಸಲ ಅವರು ಬರ್ತಿಲ್ಲ. ಓಡಿಸೋದು ನಾವು ಮೂವರು, ಸರದಿ ಮೇಲೆ.

ಹೊರಡೋಕೆ ಮುಂಚೆ ಇದು ತೀರ್ಮಾನ ಆಗಬೇಕು. ಅದಕ್ಕೇ ಈ ಒಂಬತ್ತು ಪೋಸ್ಟ್. ಓದಿ, ಆಮೇಲೆ ಬೈಯಿರಿ.

(2/9)
ಮೊದಲು, ಗೊತ್ತಿಲ್ಲದವರಿಗೆ: ಮನೆಯಂಥ ಗಾಡಿ ಇರುವಾಗ ಹಿಂದೆ ಇನ್ನೊಂದು ಕಾರ್ ಯಾಕೆ?

ಮೋಟರ್‌ಹೋಮ್ ಒಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುತ್ತೆ. ಕ್ಯಾಂಪ್ ಜಾಗಕ್ಕೆ ಬಂದು ನೀರು, ಕರೆಂಟ್, ಕೊಳಚೆ ಪೈಪ್ ಜೋಡಿಸಿ ನಿಲ್ಲಿಸಿದ್ರೆ ಅದು ಮನೆ. ಆಮೇಲೆ ಒಂದು ಪ್ಯಾಕೆಟ್ ಹಾಲು ತರೋಕೆ ಇಡೀ ಮನೆ ಕಿತ್ಕೊಂಡು ಹೋಗಕ್ಕಾಗಲ್ಲ. ಕೆಲವು ಕಡೆ ಬಿಡೋದೂ ಇಲ್ಲ. ನಾವು ಹೋಗ್ತಿರೋ ಗ್ಲೇಷಿಯರ್ ನ್ಯಾಷನಲ್ ಪಾರ್ಕಿನ 'ಗೋಯಿಂಗ್ ಟು ದ ಸನ್' ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶ ಇಲ್ಲ. ಅಲ್ಲಿಗೆ ಹೋಗೋಕೆ ಜೀಪ್ ಬೇಕೇ ಬೇಕು.

ಹೀಗೆ ಎಳ್ಕೊಂಡು ಬರೋ ಕಾರಿಗೆ ಇಲ್ಲಿನವರು 'ಟೋಡ್' ಅಂತ ಹೆಸರಿಟ್ಟಿದಾರೆ. ಎಳೆಸಿಕೊಂಡದ್ದು ಅನ್ನೋ ಇಂಗ್ಲಿಷ್ ಪದವೂ ಕಪ್ಪೆ ಅನ್ನೋ ಪದವೂ ಕಿವಿಗೆ ಒಂದೇ ಥರ ಕೇಳ್ಸುತ್ತೆ, ಅಷ್ಟೇ ಜೋಕು.

ಈಗ ಲೆಕ್ಕ ನೋಡಿ. ಮೋಟರ್‌ಹೋಮ್ 34 ಅಡಿ, ನಡುವೆ ಟೋ ಬಾರ್ ಸುಮಾರು 5 ಅಡಿ, ಜೀಪ್ ಹೆಚ್ಚೂಕಡಿಮೆ 16 ಅಡಿ. ಒಟ್ಟು 55 ಅಡಿ, ಅಂದ್ರೆ ಹತ್ತಿರ ಹತ್ತಿರ 17 ಮೀಟರ್. ನಮ್ಮ 12 ಮೀಟರಿನ ಬಸ್ಸಿನ ಹಿಂದೆ ಒಂದು ದೊಡ್ಡ ಕಾರ್ ಅಂಟಿಸಿದ ಹಾಗೆ.

ಇನ್ನು ಅಗಲ. ದೊಡ್ಡ ಮೋಟರ್‌ಹೋಮ್ ಅಗಲ ಸಾಮಾನ್ಯವಾಗಿ 102 ಇಂಚು. ರಾಂಗ್ಲರ್ ಸುಮಾರು 74 ಇಂಚು. ಎರಡು ಪಕ್ಕದಲ್ಲೂ 14 ಇಂಚು ಮೋಟರ್‌ಹೋಮೇ ಹೊರಗೆ ಚಾಚ್ಕೊಂಡಿರುತ್ತೆ. ನೇರ ರಸ್ತೆಯಲ್ಲಿ ಎಡಗನ್ನಡಿ ನೋಡಿ, ಬಲಗನ್ನಡಿ ನೋಡಿ, ಜೀಪ್ ಕಾಣಲ್ಲ. ತಿರುವಿನಲ್ಲಿ ಮಾತ್ರ ಒಂದು ಚೂರು ಮೂತಿ ಕಾಣುತ್ತೆ. ಒಳಗಿನ ನಡುಗನ್ನಡಿಯಲ್ಲಿ ಕಾಣೋದು ಹಾಸಿಗೆ, ಪರದೆ.

ಚಿಕ್ಕಪ್ಪ ಹೇಳೋ "ಕನ್ನಡಿ ಸಾಕು" ಅನ್ನೋದು ಇಲ್ಲಿಗೇ ಮುಗೀತು. ಪಕ್ಕದ ಲೇನಿಗೆ ಕನ್ನಡಿ ಸಾಕು. ಬೆನ್ನಿಗೆ ಕಟ್ಟಿರೋ ಜೀಪಿಗೆ ಸಾಲಲ್ಲ.

(3/9)
ಈಗ "ರಿವರ್ಸ್ ಕ್ಯಾಮೆರಾ ರಿವರ್ಸ್‌ಗೆ ತಾನೇ" ಅನ್ನೋ ಪ್ರಶ್ನೆ.

ನಾಲ್ಕೂ ಚಕ್ರ ನೆಲದ ಮೇಲಿಟ್ಟು ಕಾರ್ ಎಳೆಯುವಾಗ ರಿವರ್ಸ್ ತಗೊಳ್ಳೋ ಹಾಗೇ ಇಲ್ಲ. ಟೋ ಬಾರ್ ಮಾಡೋರು, ಕಾರ್ ಕಂಪನಿಯೋರು, ಹಳೇ ಡ್ರೈವರ್‌ಗಳು ಎಲ್ಲರೂ ಹೇಳೋ ಮಾತು ಇದು.

ಕಾರಣ ಸರಳ. ಸೂಪರ್ ಮಾರ್ಕೆಟ್ ಟ್ರಾಲಿ ತಳ್ಳಿದೀರಲ್ವಾ? ಮುಂದೆ ತಳ್ಳುವಾಗ ಅದರ ಪುಟ್ಟ ಚಕ್ರಗಳು ಸುಮ್ನೆ ಹಿಂದೆ ಹಿಂದೆ ಬರ್ತವೆ. ಹಿಂದಕ್ಕೆ ಎಳೆದ್ರೆ ತಟ್ಟನೆ ಗಿರ್ರನೆ ತಿರುಗಿ ಅಡ್ಡ ಬೀಳ್ತವೆ. ಕಾರಿನ ಮುಂದಿನ ಚಕ್ರಗಳ ಜೋಡಣೆಯಲ್ಲೂ ಅದೇ ಗುಣ ಇದೆ. ಎಳ್ಕೊಂಡು ಹೋಗುವಾಗ ಸ್ಟೀರಿಂಗ್ ಹಿಡಿಯೋರು ಯಾರೂ ಇಲ್ಲದಿದ್ರೂ ಚಕ್ರ ತಾನಾಗೇ ದಾರಿ ಹಿಡಿಯುತ್ತೆ. ಹಿಂದಕ್ಕೆ ತಳ್ಳಿದ್ರೆ ಒಂದು ಪಕ್ಕಕ್ಕೆ ಪೂರ್ತಿ ತಿರುಗಿ ಅಲ್ಲೇ ನಿಂತುಬಿಡುತ್ತೆ. ಆಮೇಲೂ ಹತ್ತು ಟನ್ ಗಾಡಿ ತಳ್ತಾ ಇದ್ರೆ ಬಾಗೋದು ಟೋ ಬಾರ್, ಇಲ್ಲಾಂದ್ರೆ ಸ್ಟೀರಿಂಗ್ ಭಾಗಗಳು.

ಮಂಡ್ಯ ಕಡೆಯವರಿಗೆ ಇದನ್ನ ಹೇಳ್ಕೊಡಬೇಕಾಗಿಲ್ಲ. ಎರಡು ಟ್ರೈಲರ್ ಕಬ್ಬು ಕಟ್ಟಿದ ಟ್ರ್ಯಾಕ್ಟರ್ ತಪ್ಪು ಓಣಿಗೆ ನುಗ್ಗಿದ್ರೆ ಏನ್ ಪಾಡು ಅಂತ ನೋಡಿರ್ತೀರ. ಕೊನೆಗೆ ಬಿಚ್ಚೋದೇ ದಾರಿ. ಇಲ್ಲೂ ಅಷ್ಟೇ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕಾಕ್ಕೊಂಡ್ರೆ ಕೆಳಗಿಳಿದು, ಜೀಪ್ ಬಿಚ್ಚಿ, ಬೇರೆ ಓಡಿಸಿ, ಮೋಟರ್‌ಹೋಮ್ ಹಿಂದೆ ತಗೊಂಡು, ಮತ್ತೆ ಕಟ್ಟಬೇಕು.

ಈಗ ಚಿಕ್ಕಪ್ಪನ ವೈರಿಂಗ್ ನೆನಪು ಮಾಡ್ಕೊಳ್ಳಿ. ಅವರ ಕ್ಯಾಮೆರಾ ಆನ್ ಆಗೋದು ರಿವರ್ಸ್‌ನಲ್ಲಿ ಮಾತ್ರ. ಜೀಪ್ ಕಟ್ಟಿದಾಗ ರಿವರ್ಸ್ ಹಾಕೋ ಹಾಗಿಲ್ಲ. ಅಂದ್ರೆ ಜೀಪ್ ಹಿಂದೆ ಇರೋ ಅಷ್ಟು ಹೊತ್ತೂ, ಒಂದು ನಿಮಿಷ ಕೂಡ ಬಿಡದೆ, ಆ ಸ್ಕ್ರೀನ್ ಕಪ್ಪಾಗಿರುತ್ತೆ. ನೋಡಲೇಬೇಕಾದ ವಸ್ತು ಇದ್ದಾಗ ಕಣ್ಣು ಮುಚ್ಚುತ್ತೆ, ಅದನ್ನ ಬಿಚ್ಚಿಟ್ಟ ಮೇಲೆ ಕಣ್ಣು ಬಿಡುತ್ತೆ.

(4/9)
ಸರಿ, ನೋಡಲೇಬೇಕಾದ್ದು ಏನಿದೆ? ಜೀಪ್ ಹಿಂದೆ ತಣ್ಣಗೆ ಬರ್ತಾ ಇರುತ್ತಲ್ಲ?

ತಣ್ಣಗೆ ಬರ್ತಾ ಇದ್ರೆ ಸಮಸ್ಯೆನೇ ಇಲ್ಲ. ಆದ್ರೆ ಬರ್ತಾ ಇಲ್ಲದಿದ್ರೆ ನಿಮಗೆ ಗೊತ್ತೇ ಆಗಲ್ಲ. ಮುಂದೆ ಹತ್ತು ಟನ್, ಹಿಂದೆ ಎರಡು ಟನ್. ನಮ್ಮ ಸ್ವಂತ ಕಾರಿನ ಟೈರ್ ಪಂಕ್ಚರ್ ಆದ್ರೆ ಸ್ಟೀರಿಂಗ್ ಎಳೆಯುತ್ತೆ, ಸದ್ದು ಬರುತ್ತೆ, ಸೀಟ್ ನಡುಗುತ್ತೆ. ಟೋಡ್‌ನ ಟೈರ್ ಹೋದ್ರೆ ಮೋಟರ್‌ಹೋಮ್ ಡ್ರೈವರ್ ಸೀಟಿಗೆ ಏನೂ ತಲುಪದೇ ಇರಬಹುದು. ಹಾಡು ಓಡ್ತಿರುತ್ತೆ, ಎಸಿ ಓಡ್ತಿರುತ್ತೆ. ಹಿಂದೆ ಟೈರ್ ಚಿಂದಿಯಾಗಿ, ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರ್ತಿರುತ್ತೆ.

ಇನ್ನೂ ನಾಲ್ಕು ವಿಷಯ.

ಒಂದು, ಬ್ರೇಕ್. ಎರಡು ಟನ್ ಜೀಪನ್ನ ಬರೀ ಮೋಟರ್‌ಹೋಮ್ ಬ್ರೇಕಿನಿಂದ ನಿಲ್ಲಿಸೋದು ಸರಿಯಲ್ಲ. ಅದಕ್ಕೇ ಜೀಪಿನ ಬ್ರೇಕ್ ಪೆಡಲನ್ನೂ ಒತ್ತೋ ಒಂದು ಸಾಧನ ಇಟ್ಟಿರ್ತಾರೆ. ಅದು ಒತ್ತಿದ್ದು ಬಿಡದೇ ಹೋದ್ರೆ ಜೀಪ್ ಬ್ರೇಕ್ ಹಿಡ್ಕೊಂಡೇ ಮೈಲಿಗಟ್ಟಲೆ ಬರುತ್ತೆ. ಮೊದಲು ಹೊಗೆ, ಆಮೇಲೆ ಬೆಂಕಿ.

ಎರಡು, ಗೇರ್. ರಾಂಗ್ಲರನ್ನ ಎಳೆಯೋಕೆ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಹಾಕಬೇಕು. ಅದು ಸರಿಯಾಗಿ ಕೂರದಿದ್ರೆ ಚಕ್ರ ಉರುಳದೆ ಉಜ್ಜುತ್ತೆ.

ಮೂರು, ನಡುಕ. ಒಂದು ಹಳ್ಳ ಹಾರಿದ ಮೇಲೆ ಜೀಪಿನ ಮುಂದಿನ ಚಕ್ರಗಳು ಎಡಬಲಕ್ಕೆ ಪಟಪಟ ಹೊಡ್ಕೊಳ್ಳೋಕೆ ಶುರು ಮಾಡಬಹುದು. ಇದಕ್ಕೆ 'ಡೆತ್ ವಾಬಲ್' ಅಂತಾನೇ ಹೆಸರು. ನಿಧಾನ ಮಾಡಿದ್ರೆ ನಿಲ್ಲುತ್ತೆ, ಆದ್ರೆ ಮೊದಲು ಕಾಣಬೇಕಲ್ಲ.

ನಾಲ್ಕು, ಕೊಂಡಿ. ಒಂದು ಪಿನ್ ಉದುರಿದ್ರೆ ಜೀಪ್ ಸೊಟ್ಟಗೆ ಬರುತ್ತೆ. ಹಾಗೆ ಸೊಟ್ಟಗೆ ಬಂದಾಗ ಕಂಡ್ರೆ ಉಳಿದ ಕೊಂಡಿ ಮತ್ತೆ ಸುರಕ್ಷತಾ ಸರಪಳಿ ಹಿಡಿದಿರೋ ಅಷ್ಟರಲ್ಲಿ ಪಕ್ಕಕ್ಕೆ ಹಾಕಬಹುದು.

ಈ ಎಲ್ಲದರಲ್ಲೂ ಪೆಟ್ಟು ತಿನ್ನೋದು ನಾವು ಆರು ಜನ ಅಲ್ಲ. ಹಿಂದೆ ಬರ್ತಿರೋ ಬೈಕಿನವನು, ಮಕ್ಕಳನ್ನ ಕೂರಿಸ್ಕೊಂಡಿರೋ ಕಾರಿನವಳು. ಅವರು ಹಾರ್ನ್ ಹೊಡೆದು, ಲೈಟ್ ಮಿಣುಕಿಸಿ ಹೇಳೋವರೆಗೂ ಕಾಯ್ತೀನಿ ಅನ್ನೋದು ಡ್ರೈವರ್ ಮಾತಲ್ಲ.

(5/9)
ಹಾಗಾದ್ರೆ 'ಮುಂದೆ ಹೋಗುವಾಗ ಆಫ್' ಅನ್ನೋ ಅಭ್ಯಾಸ ನಮ್ಮ ತಲೆಗೆ ಬಂದಿದ್ದು ಎಲ್ಲಿಂದ? ನಾವು ಓಡಿಸೋ ಸಣ್ಣ ಕಾರಿಂದ. ಇಲ್ಲಿನ ಕಾರುಗಳು ಹಾಗಿರೋದಕ್ಕೆ ಒಂದು ಕಾನೂನು ಇದೆ, ಆ ಕಾನೂನಿನ ಹಿಂದೆ ಒಂದು ಮಗು ಇದೆ.

2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ಕ್ಯಾಮರನ್ ಗುಲ್‌ಬ್ರಾನ್ಸನ್ ಅನ್ನೋ 2 ವರ್ಷದ ಮಗು ತನ್ನ ಮನೆ ಮುಂದೇನೇ, ಅಪ್ಪ ರಿವರ್ಸ್ ತಗೊಳ್ತಿದ್ದ ಎಸ್‌ಯುವಿ ಕೆಳಗೆ ಸಿಕ್ಕಿ ತೀರಿಕೊಂಡಿತು. ಅಪ್ಪ ಮಕ್ಕಳ ಡಾಕ್ಟರ್. ಕನ್ನಡಿಗಳಲ್ಲಿ ಆ ಮಗು ಕಾಣೋ ಹಾಗೇ ಇರಲಿಲ್ಲ. ಆಮೇಲೆ ಅವರು ಸುಮ್ಮನಿರಲಿಲ್ಲ, ಕಾನೂನಿಗಾಗಿ ಹೋರಾಡಿದ್ರು. 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಕಾಯಿದೆ ಬಂತು. 2014ರಲ್ಲಿ ನಿಯಮ ಅಂತಿಮ ಆಯ್ತು. 2018ರ ಮೇ 1ರಿಂದ ಅಮೆರಿಕದಲ್ಲಿ ಎಲ್ಲ ಹೊಸ ಕಾರಿನಲ್ಲೂ ಹಿಂದಿನ ಕ್ಯಾಮೆರಾ ಕಡ್ಡಾಯ. ಹೀಗೆ ಹಿಂದೆ ಬರೋ ಗಾಡಿಗೆ ಸಿಕ್ಕಿ ವರ್ಷಕ್ಕೆ ಸರಾಸರಿ 210 ಜನ ಸಾಯ್ತಾರೆ, ಅದರಲ್ಲಿ 31% ಐದು ವರ್ಷದೊಳಗಿನ ಮಕ್ಕಳು ಅಂತ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯೇ ಆಗ ಲೆಕ್ಕ ಕೊಟ್ಟಿತ್ತು.

ಆ ನಿಯಮ ರಿವರ್ಸ್‌ಗಾಗೇ ಬರೆದದ್ದು. ಗಾಡಿ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು. ರಿವರ್ಸ್ ಹಾಕಿದ 2 ಸೆಕೆಂಡ್ ಒಳಗೆ ಚಿತ್ರ ಬರಬೇಕು. ರಿವರ್ಸ್ ಮುಗಿದು ಮುಂದೆ ಹೊರಟ ಮೇಲೆ ಆ ಚಿತ್ರ ಹೋಗಬೇಕು. ಸಣ್ಣ ಕಾರಿಗೆ ಇದು ಸರಿ. ಹಿಂದೆ ಗಾಜಿದೆ, ನಡುವೆ ಕನ್ನಡಿ ಇದೆ, ಬೆನ್ನಿಗೆ ಏನೂ ಕಟ್ಟಿಲ್ಲ.

ಆದ್ರೆ ಈ ನಿಯಮ 10,000 ಪೌಂಡ್, ಅಂದ್ರೆ ಸುಮಾರು 4,500 ಕೆಜಿ ಮಿತಿಯೊಳಗಿನ ಗಾಡಿಗಳಿಗೆ ಮಾತ್ರ. ಚಿಕ್ಕ ವ್ಯಾನ್ ಥರದ ಕೆಲವು ಮೋಟರ್‌ಹೋಮ್ ಇದರೊಳಗೆ ಬರ್ತವೆ. ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ್ದು 14,500 ಪೌಂಡ್, ಅದು ಹೊರಗೆ. ಚಿಕ್ಕಪ್ಪನದು 22,000 ಪೌಂಡ್, ಅದು ಇನ್ನೂ ಹೊರಗೆ. ಅಂದ್ರೆ ಯಾವುದಕ್ಕೆ ಹಿಂದೆ ಕಾಣೋದೇ ಇಲ್ವೋ ಅದಕ್ಕೇ ಕಾನೂನು ಏನೂ ಹೇಳಲ್ಲ. ಕ್ಯಾಮೆರಾ ಇರಬೇಕಾ, ಯಾವಾಗ ಆನ್ ಆಗಬೇಕು ಅನ್ನೋದೆಲ್ಲ ಗಾಡಿ ಕಟ್ಟೋರು, ಕೊಳ್ಳೋರ ಇಷ್ಟ. ಹಾಗಾಗಿ ತೀರ್ಮಾನ ನಮ್ಮದೇ.

(6/9)
ಈಗ ಗಟ್ಟಿ ಆಕ್ಷೇಪಕ್ಕೆ ಬರ್ತೀನಿ: ಕಣ್ಣೆದುರು ಸ್ಕ್ರೀನ್ ಇದ್ರೆ ಗಮನ ಹೋಗಲ್ವಾ?

ಹೋಗುತ್ತೆ. ಅದನ್ನ ಇಲ್ಲ ಅನ್ನಲ್ಲ. ಕ್ಯಾಲಿಫೋರ್ನಿಯಾದಲ್ಲಿ ಏನನ್ನಾದ್ರೂ ಎಳ್ಕೊಂಡು ಹೋಗೋ ಗಾಡಿಗೆ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಸುಮಾರು 88 ಕಿಲೋಮೀಟರ್. ಆ ವೇಗದಲ್ಲಿ 2 ಸೆಕೆಂಡ್ ಸ್ಕ್ರೀನ್ ನೋಡಿದ್ರೆ 49 ಮೀಟರ್ ಕುರುಡಾಗಿ ಹೋದ ಹಾಗೆ. ನಮ್ಮ ಇಡೀ ಸಾಲಿನ ಉದ್ದಕ್ಕೆ ಹತ್ತಿರ ಹತ್ತಿರ ಮೂರು ಪಟ್ಟು.

ಆದ್ರೆ ಇದೇ ಲೆಕ್ಕ ಕನ್ನಡಿಗೂ ಅನ್ವಯ ಆಗುತ್ತೆ. ಕನ್ನಡಿ ಗಮನ ಸೆಳೆಯುತ್ತೆ ಅಂತ ಯಾರೂ ಅದಕ್ಕೆ ಬಟ್ಟೆ ಮುಚ್ಚಲ್ಲ. ಒಂದು ಕ್ಷಣ ನೋಡಿ ಕಣ್ಣು ರಸ್ತೆಗೆ ವಾಪಸ್ ತರೋದನ್ನ ಕಲೀತೀವಿ. ಸ್ಕ್ರೀನನ್ನೂ ಹಾಗೇ ಕಲಿಬೇಕು: ಎಡಗನ್ನಡಿ, ಸ್ಕ್ರೀನ್, ಬಲಗನ್ನಡಿ, ರಸ್ತೆ. ಜೀಪ್ ನೇರ ಇದೆಯಾ, ಹೊಗೆ ಇದೆಯಾ, ಅಷ್ಟೇ ಪ್ರಶ್ನೆ. ಅದಕ್ಕೆ ಅರ್ಧ ಸೆಕೆಂಡ್ ಸಾಕು. ಯಾವಾಗಲೂ ಒಂದೇ ಥರ ಇರೋ ಚಿತ್ರದಲ್ಲಿ ಏನಾದ್ರೂ ಬದಲಾದ್ರೆ ಕಣ್ಣಿಗೆ ಬೇಗ ಬೀಳುತ್ತೆ. ಯಾವಾಗ್ಲೋ ಒಮ್ಮೆ ಬಟನ್ ಒತ್ತಿ ಆನ್ ಮಾಡಿ ನೋಡೋದ್ರಲ್ಲಿ ಗಮನ ಇನ್ನೂ ಜಾಸ್ತಿ ಹೋಗುತ್ತೆ. ಬಟನ್ ಹುಡುಕಬೇಕು, ಚಿತ್ರ ಬರೋವರೆಗೂ ಕಾಯಬೇಕು.

ಕಾನೂನೂ ಈ ವ್ಯತ್ಯಾಸ ಮಾಡುತ್ತೆ. ಕ್ಯಾಲಿಫೋರ್ನಿಯಾ ವಾಹನ ಸಂಹಿತೆಯ ಸೆಕ್ಷನ್ 27602 ಪ್ರಕಾರ ಓಡಿಸುವಾಗ ಡ್ರೈವರ್‌ಗೆ ಕಾಣೋ ಹಾಗೆ ಮನರಂಜನೆಯ ವಿಡಿಯೋ ಓಡಿಸೋ ಹಾಗಿಲ್ಲ. ಆದ್ರೆ ಮುಂದೆ, ಹಿಂದೆ, ಪಕ್ಕದ ನೋಟವನ್ನ ಹೆಚ್ಚಿಸೋ ಸ್ಕ್ರೀನ್‌ಗೆ ವಿನಾಯಿತಿ ಇದೆ. ಹಾಗಾಗಿ "ಟಿವಿ ಓಡ್ತಿದೆ" ಅನ್ನೋಕಾಗಲ್ಲ. ಅದು ಕನ್ನಡಿಯ ಜಾತಿಗೆ ಸೇರಿದ್ದು.

ಕನ್ನಡಿ ಥರ ಬಳಸಬೇಕಾದ್ರೆ ಕೆಲವು ಷರತ್ತು. ಸ್ಕ್ರೀನ್ ಡ್ಯಾಶ್‌ಬೋರ್ಡಿನ ಕೆಳಗಲ್ಲ, ಕಣ್ಣು ರಸ್ತೆಯಿಂದ ಹೆಚ್ಚು ಇಳಿಯದಷ್ಟು ಎತ್ತರದಲ್ಲಿ ಇರಬೇಕು. ರಾತ್ರಿ ಬೆಳಕು ತಗ್ಗಿಸ್ಬೇಕು, ಇಲ್ಲಾಂದ್ರೆ ಕಣ್ಣು ಕುಕ್ಕುತ್ತೆ. ಅದೇ ಸ್ಕ್ರೀನಲ್ಲಿ ಮ್ಯಾಪು, ಹಾಡು, ಮೆಸೇಜು ಬೇಡ. ಹಿಂದಿನ ನೋಟಕ್ಕೆ ಅದೊಂದೇ ಮೀಸಲು.

(7/9)
ಇಲ್ಲೀವರೆಗೂ ಓದಿ "ಓ, ಕ್ಯಾಮೆರಾ ಇದ್ರೆ ಎಲ್ಲ ಸೇಫ್" ಅಂದ್ಕೊಂಡ್ರೆ ನನ್ನ ಮಾತು ಅರ್ಧ ಮಾತ್ರ ತಲುಪಿದೆ. ಆನ್ ಇರಬೇಕು ಅನ್ನೋದು ಎಷ್ಟು ನಿಜವೋ, ಅದು ತೋರಿಸಿದ್ದೆಲ್ಲ ನಂಬಬಾರದು ಅನ್ನೋದೂ ಅಷ್ಟೇ ನಿಜ.

ದೂರ: ಅಗಲ ನೋಟದ ಲೆನ್ಸ್ ಎಲ್ಲವನ್ನೂ ಇರೋದಕ್ಕಿಂತ ದೂರ ತೋರಿಸುತ್ತೆ. ಹಿಂದಿನ ಕಾರ್ ದೂರ ಇದೆ ಅಂತ ಸ್ಕ್ರೀನ್ ನಂಬಿ ಲೇನ್ ಬದಲಾಯಿಸಬೇಡಿ. ಅದಕ್ಕೆ ಕನ್ನಡಿ.

ಎಡಬಲ: ಹಿಂದಿನ ಕ್ಯಾಮೆರಾದ ಚಿತ್ರ ಕನ್ನಡಿ ಥರ ಅದಲುಬದಲಾಗಿ ಬರಬೇಕು, ಆಗ ಎಡಕ್ಕಿರೋದು ಎಡಕ್ಕೇ ಕಾಣುತ್ತೆ. ಬಹಳಷ್ಟು ಮಾನಿಟರ್‌ಗಳಲ್ಲಿ ಇದಕ್ಕೆ ಒಂದು ಸೆಟ್ಟಿಂಗ್ ಇರುತ್ತೆ. ಹೊರಡೋಕೆ ಮುಂಚೆ ಒಬ್ಬರನ್ನ ಹಿಂದೆ ಎಡಕ್ಕೆ ನಿಲ್ಲಿಸಿ ಪರೀಕ್ಷೆ ಮಾಡಿ. ಹತ್ತು ಸೆಕೆಂಡ್ ಕೆಲಸ.

ತಡ: ವೈರ್ ಇಲ್ಲದ ಕ್ಯಾಮೆರಾದಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರಬಹುದು, ನಡುವೆ ನಿಂತೂ ಹೋಗಬಹುದು. ಅರ್ಧ ಸೆಕೆಂಡ್ ತಡ ಅಂದ್ರೆ 55 ಮೈಲಿ ವೇಗದಲ್ಲಿ 12 ಮೀಟರ್. ನಿಂತುಹೋದ ಚಿತ್ರ ಇನ್ನೂ ಅಪಾಯ, ಯಾಕಂದ್ರೆ ಜೀಪ್ ನೇರವಾಗಿಯೇ ಕಾಣ್ತಿರುತ್ತೆ. ಪಕ್ಕದಲ್ಲಿ ರಸ್ತೆಯ ಗೆರೆ ಓಡ್ತಿದೆಯಾ ನೋಡಿ. ಕೈಲಾದ್ರೆ ವೈರ್ ಇರೋದೇ ಹಾಕಿಸಿ.

ಕೊಳೆ: ಮೋಟರ್‌ಹೋಮ್‌ನ ಚಪ್ಪಟೆ ಬೆನ್ನಿಗೆ ಧೂಳು, ಮಳೆನೀರು ಸುತ್ತಿ ಬಂದು ಹೊಡೆಯುತ್ತೆ. ಪ್ರತಿ ನಿಲುಗಡೆಯಲ್ಲೂ ಲೆನ್ಸ್ ಒರೆಸೋದು ಒಬ್ಬರ ಜವಾಬ್ದಾರಿ ಆಗಬೇಕು.

ಕಾಣದ್ದು: ಕ್ಯಾಮೆರಾಗೆ ಕಾಣೋದು ಜೀಪಿನ ಬಾನೆಟ್, ಗಾಜು, ಟೋ ಬಾರ್. ಹಿಂದಿನ ಚಕ್ರ ಕಾಣಲ್ಲ. ಗಾಳಿ ನಿಧಾನಕ್ಕೆ ಇಳೀತಿದ್ರೂ ಕಾಣಲ್ಲ. ಅದಕ್ಕೆ ಟೈರ್ ಒತ್ತಡ ಹೇಳೋ ಸೆನ್ಸರ್ ನಾಲ್ಕೂ ಚಕ್ರಕ್ಕೆ ಬೇಕು. ಕ್ಯಾಮೆರಾ ಹೊಗೆ ತೋರಿಸುತ್ತೆ, ಸೆನ್ಸರ್ ಹೊಗೆಗೆ ಮುಂಚೇನೇ ಹೇಳುತ್ತೆ. ಎರಡೂ ಬೇಕು.

ಇನ್ನೊಂದು ಮಾತು. ಜೀಪಿನ ಬದಲು ಡಬ್ಬದಂಥ ಟ್ರೈಲರ್ ಎಳೀತಿದ್ರೆ ಮೋಟರ್‌ಹೋಮ್ ಕ್ಯಾಮೆರಾಗೆ ಅದರ ಮುಂದಿನ ಗೋಡೆ ಬಿಟ್ಟು ಏನೂ ಕಾಣಲ್ಲ. ಆಗ ಟ್ರೈಲರ್ ಬೆನ್ನಿಗೂ ಇನ್ನೊಂದು ಕ್ಯಾಮೆರಾ ಬೇಕು.

(8/9)
ಕೊನೆಗೆ ರಿವರ್ಸ್. ಜೀಪ್ ಬಿಚ್ಚಿ ಕ್ಯಾಂಪ್ ಜಾಗಕ್ಕೆ ಮೋಟರ್‌ಹೋಮ್ ಹಿಂದೆ ಹಿಂದೆ ತಗೋಬೇಕು. ಈಗಲಾದ್ರೂ ಕ್ಯಾಮೆರಾ ರಾಜ ಅಲ್ವಾ?

ಅಲ್ಲ. ಈಗಲೇ ಅದು ಎರಡನೇ ಸಾಕ್ಷಿ. ಸಣ್ಣ ಕಾರುಗಳಲ್ಲೂ ಕ್ಯಾಮೆರಾ ಬಂದ ಮೇಲೆ ರಿವರ್ಸ್ ಅಪಘಾತ ಕಮ್ಮಿ ಆಗಿದ್ದು ಸುಮಾರು ಆರರಲ್ಲಿ ಒಂದು ಪಾಲು ಅಂತ ಇಲ್ಲಿನ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಕಂಡ್ಕೊಂಡಿದೆ. ಒಳ್ಳೇದೇ, ಆದ್ರೆ ಮಿಕ್ಕ ಐದು ಪಾಲು ಹಾಗೇ ಉಳೀತು. ಮೋಟರ್‌ಹೋಮ್ ಕಥೆ ಇನ್ನೂ ಕಷ್ಟ. ಹಿಂದಿನ ಕ್ಯಾಮೆರಾಗೆ ಮೇಲಿನ ಮರದ ಕೊಂಬೆ ಕಾಣಲ್ಲ, ಮಾಳಿಗೆ ಮೇಲಿನ ಎಸಿ ಅದಕ್ಕೆ ತಗುಲುತ್ತಾ ಅಂತ ಕಾಣಲ್ಲ. ಪಕ್ಕದ ಕರೆಂಟ್ ಕಂಬ ಕಾಣಲ್ಲ. ಹಿಂದಿನ ಭಾಗ ಎಡಕ್ಕೆ ಹೋಗುವಾಗ ಮುಂದಿನ ಮೂತಿ ಬಲಕ್ಕೆ ಬೀಸೋದೂ ಕಾಣಲ್ಲ. ಸೈಕಲ್ ಹೊಡ್ಕೊಂಡು ಪಕ್ಕದಿಂದ ನುಗ್ಗೋ ಮಗು ಚಿತ್ರದೊಳಗೆ ಬರೋದು ಕೊನೇ ಕ್ಷಣದಲ್ಲಿ.

ಇದಕ್ಕೆ ಪರಿಹಾರ ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇ: ಬಸ್ ಕಂಡಕ್ಟರ್. ಬಸ್‌ಸ್ಟ್ಯಾಂಡಲ್ಲಿ ಬಸ್ ಹಿಂದೆ ಬರುವಾಗ ಕಂಡಕ್ಟರ್ ಇಳಿದು ಹಿಂದೆ ನಿಂತು "ಬರ್ಲಿ ಬರ್ಲಿ ಬರ್ಲಿ" ಅಂತ ಬಸ್ಸಿನ ಮೈ ತಟ್ತಾ, "ಹೋಲ್ಡಾನ್" ಅಂದ ತಕ್ಷಣ ಡ್ರೈವರ್ ಬ್ರೇಕ್ ಒತ್ತೋದು. ಡ್ರೈವರ್ ಎಷ್ಟೇ ಹಳಬರಾಗಿರಲಿ, ಆ ಮಾತಿಗೆ ಎದುರಾಡಲ್ಲ.

ನಮ್ಮ ಮೋಟರ್‌ಹೋಮ್‌ಗೂ ಒಬ್ಬ ಕಂಡಕ್ಟರ್ ಬೇಕು. ಹೆಸರಿಗೆ ನಿಂತು ಕೈ ಬೀಸೋರಲ್ಲ, ನಿಯಮ ಗೊತ್ತಿರೋರು. ಡ್ರೈವರ್ ಕನ್ನಡಿಯಲ್ಲಿ ಯಾವಾಗಲೂ ಕಾಣೋ ಜಾಗದಲ್ಲೇ ನಿಲ್ಲಬೇಕು. ಕನ್ನಡಿಯಲ್ಲಿ ಕಂಡಕ್ಟರ್ ಮಾಯ ಆದ್ರೆ ಡ್ರೈವರ್ ಅಲ್ಲೇ ನಿಲ್ಲಿಸ್ಬೇಕು. ಹೇಳೋರು ಒಬ್ಬರೇ ಇರಬೇಕು, ಆರು ಜನ ಆರು ಕಡೆಯಿಂದ ಕೂಗಬಾರದು. "ನಿಲ್ಲು" ಅನ್ನೋ ಸನ್ನೆ ಯಾವುದು ಅಂತ ಗಾಡಿ ಅಲುಗಾಡೋ ಮುಂಚೆ ತೀರ್ಮಾನ ಆಗಿರಬೇಕು. ಜೊತೆಗೆ, ಇಲ್ಲಿನ ಟ್ರಕ್ ಡ್ರೈವರ್‌ಗಳ ಬುದ್ಧಿಮಾತು ಒಂದಿದೆ: ಅನುಮಾನ ಬಂದ್ರೆ ಇಳಿ, ಹೋಗಿ ಕಣ್ಣಾರೆ ನೋಡು. ನಾಚಿಕೆ ಪಡೋಕೆ ಏನಿದೆ ಅದರಲ್ಲಿ?

ಸ್ಕ್ರೀನ್ ಆನ್ ಇರಲಿ. ಆದ್ರೆ ಕಂಡಕ್ಟರ್ ಹೇಳೋದೂ ಸ್ಕ್ರೀನ್ ತೋರಿಸೋದೂ ಬೇರೆ ಬೇರೆ ಆದ್ರೆ ಗೆಲ್ಲಬೇಕಾದ್ದು ಕಂಡಕ್ಟರ್ ಮಾತು.

(9/9)
ಈಗ ನಮ್ಮ ಗ್ಯಾಂಗಿಗೆ ನೇರ ಮಾತು. ನೀವಾರೂ ಓದ್ತಿದೀರ ಅಂತ ಗೊತ್ತು, ಸೀನ್ ಆಗಿದೆ.

ಕೇಳ್ತಿರೋದು ದೊಡ್ಡ ಖರ್ಚಲ್ಲ. ಕ್ಯಾಮೆರಾ ಇದೆ, ಸ್ಕ್ರೀನ್ ಇದೆ. ಎರಡಕ್ಕೂ ಕರೆಂಟ್ ಬರ್ತಿರೋದು ರಿವರ್ಸ್ ಲೈಟಿನ ವೈರಿಂದ. ಅದನ್ನ ಕೀ ಆನ್ ಮಾಡಿದಾಗ ಬರೋ ವೈರಿಗೆ ಬದಲಿಸ್ಬೇಕು, ನಡುವೆ ಒಂದು ಫ್ಯೂಸ್. ನಮ್ಮ ಕೈಯಲ್ಲಿ ಆಗಲ್ಲ ಅಂದ್ರೆ ಕೆಲಸ ಗೊತ್ತಿರೋ ಮೆಕ್ಯಾನಿಕ್ ಹತ್ರ ಮಾಡಿಸೋಣ, ಆರು ಜನ ಹಂಚ್ಕೊಂಡ್ರೆ ಒಬ್ಬೊಬ್ಬರಿಗೆ ಎರಡು ಪಿಜ್ಜಾ ದುಡ್ಡು ಕೂಡ ಆಗಲಿಕ್ಕಿಲ್ಲ. ಬೇರೆಯವರ ಗಾಡಿಯಲ್ಲಿ ಓದುಗರು ಗಮನಿಸ್ಬೇಕಾದ್ದು ಇನ್ನೊಂದಿದೆ: ಕೆಲವು ಗಾಡಿಗಳಲ್ಲಿ ಕ್ಯಾಮೆರಾಗೆ ಪಾರ್ಕಿಂಗ್ ಲೈಟಿನ ವೈರಿಂದ ಕರೆಂಟ್ ಬರುತ್ತೆ. ಅಂಥದ್ರಲ್ಲಿ ಹಗಲಲ್ಲೂ ಲೈಟ್ ಹಾಕ್ಕೊಂಡು ಓಡಿಸಿದ್ರೆ ಸಾಕು, ಕ್ಯಾಮೆರಾ ಓಡ್ತಿರುತ್ತೆ.

ಚಿಕ್ಕಪ್ಪಂಗೆ ನಾನೇ ಫೋನ್ ಮಾಡ್ತೀನಿ. ಅವರಿಗೆ ಹೇಳೋದು ಇಷ್ಟು: "ಚಿಕ್ಕಪ್ಪ, ಇಪ್ಪತ್ತು ವರ್ಷದಲ್ಲಿ ನಿಮ್ಮ ಕಿವಿ, ನಿಮ್ಮ ಸೊಂಟ ಆ ಗಾಡಿಯ ಸದ್ದು, ನಡುಕ ಎಲ್ಲ ಕಲ್ತಿದೆ. ನಮಗೆ ಆ ಇಪ್ಪತ್ತು ವರ್ಷ ಇಲ್ಲ. ನಮಗೆ ಕಣ್ಣಾದ್ರೂ ಕೊಡಿ." ಒಪ್ಪಿದ್ರೆ ಜೀಪ್ ಕಟ್ಕೊಂಡು ಹೋಗೋಣ. ಒಪ್ಪದಿದ್ರೆ ಗಾಡಿ ಅವರದು, ಮಾತು ಅವರದು, ಜಗಳ ಇಲ್ಲ. ಆದ್ರೆ ಜೀಪನ್ನ ಮೋಟರ್‌ಹೋಮ್ ಹಿಂದೆ ಕಟ್ಟೋದು ಬೇಡ. ನಮ್ಮಲ್ಲಿ ಒಬ್ಬರು ಅದನ್ನ ಬೇರೆ ಓಡಿಸ್ಕೊಂಡು ಬರಲಿ. ಪೆಟ್ರೋಲ್ ಜಾಸ್ತಿ ಆಗುತ್ತೆ, ಒಬ್ಬರಿಗೆ ಬೋರ್ ಆಗುತ್ತೆ. ಆಗಲಿ. ಕಾಣದ್ದನ್ನ ಎಳ್ಕೊಂಡು ಎರಡು ಸಾವಿರ ಕಿಲೋಮೀಟರ್ ದಾಟಿ ಹೋಗೋಕೆ ನನ್ನ ಕೈ ಸ್ಟೀರಿಂಗ್ ಹಿಡಿಯಲ್ಲ.

ಮಿಕ್ಕವರಿಗೆ: ನೀವು ಮೋಟರ್‌ಹೋಮ್ ಓಡಿಸದೇ ಇರಬಹುದು. ನಾಳೆ ಪಿಕಪ್ ಹಿಂದೆ ಟ್ರೈಲರ್ ಕಟ್ಟಬಹುದು, ಊರಲ್ಲಿ ಟ್ರ್ಯಾಕ್ಟರ್ ಹತ್ತಬಹುದು. ಆಗ ಒಂದು ಪ್ರಶ್ನೆ ಕೇಳ್ಕೊಳ್ಳಿ: ನಾನು ಎಳೀತಿರೋದು ನನಗೆ ಈಗ, ಈ ಕ್ಷಣ ಕಾಣ್ತಿದೆಯಾ? ಇಲ್ಲ ಅನ್ನೋದು ಉತ್ತರವಾದ್ರೆ ಅದು ನಿಮ್ಮ ಹಿಂದೆ ಬರ್ತಿರೋರ ತಲೆನೋವು ಆಗಿರುತ್ತೆ.

ಪೋಲ್ ಮತ್ತೆ ಹಾಕಿದೀನಿ, ಸ್ಟೋರಿ ನೋಡಿ. ಈಗಲೂ 'ಆಫ್' ಅನ್ನೋರು ಕಾರಣ ಕಾಮೆಂಟಲ್ಲಿ ಬರೀರಿ. ಈ ಗಾಡಿಗಳನ್ನ ನಿಜವಾಗ್ಲೂ ಓಡಿಸಿದೋರು ಇದ್ರೆ ನಿಮ್ಮ ಮಾತು ಮೊದಲು ಪಿನ್ ಮಾಡ್ತೀನಿ.

#ಹಿಂದಿನಕ್ಯಾಮೆರಾ #ಮೋಟರ್‌ಹೋಮ್ #ರಸ್ತೆಮಾತು #ಹೋಲ್ಡಾನ್